ಟೀವಿ ಮುಂದಿನಿಂದ ಹೊರಡುವ ಮೈಸೂರು ಬಸ್ಸು

ಮೊನ್ನೆ ನಾಗಮಂಗಲದಿಂದ ಜಯಮ್ಮತ್ತೆ ಅಕ್ಕಿ ಸಂಡಿಗೆ ಕಳಿಸಿದ್ದಳು. ಸಂಡಿಗೆ ಬಂದದ್ದೇನೂ ವಿಶೇಷವಲ್ಲ, ಬೇಸಿಗೆ ಬಂತೆಂದರೆ ಅದೂ ಬರುತ್ತದೆ. ವಿಶೇಷವೆಲ್ಲ ಅದು ಬಂದ ಡಬ್ಬದಲ್ಲಿತ್ತು. ಕಪ್ಪು ಬಣ್ಣದ ದಪ್ಪ ರಟ್ಟು, ಮೇಲೆ ಎರಡು ಫ್ಯಾನುಗಳ ಚಿತ್ರ, ಸುತ್ತ ಕೆಂಪು ಮಿಂಚು. ಮುಚ್ಚಳ ತೆಗೆದರೆ ಜೀರಿಗೆ, ಇಂಗು, ಹಸಿಮೆಣಸಿನಕಾಯಿಯ ವಾಸನೆ. ಆ ವಾಸನೆಗೂ ಆ ಮಿಂಚಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವನ್ನು ಕಟ್ಟಿದವನು ನಾನೇ ಆದ್ದರಿಂದ ಹೇಳಬೇಕಾದದ್ದೂ ನಾನೇ.

ಅದು ಗ್ರಾಫಿಕ್ಸ್ ಕಾರ್ಡ್ ಬಂದಿದ್ದ ಡಬ್ಬ. ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವುದಕ್ಕೆಂದೇ ಇರುವ ಭಾಗ ಅದು. ಗೇಮು ಆಡುವವರಿಗೆ ಅದಿಲ್ಲದೆ ನಡೆಯುವುದಿಲ್ಲ, ಇದ್ದರೆ ಜೇಬು ಉಳಿಯುವುದಿಲ್ಲ. ನಿಮಗೆ ಇದು ಗೊತ್ತಿರಬಹುದು. ಗೊತ್ತಿದ್ದರೂ ಕೇಳಿಸಿಕೊಳ್ಳಿ, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನು ಎರಡು ತಿಂಗಳು ಕೂತು ಈ ವಿದ್ಯೆ ಕಲಿತೆ, ಆಮೇಲೆ ಅದರ ಬಗ್ಗೆ ಒಬ್ಬರೂ ನನ್ನನ್ನು ಒಂದು ಮಾತು ಕೇಳಿಲ್ಲ.

ಕಲಿತದ್ದು ಪುಟ್ಟಸ್ವಾಮಿ ಮಾವನಿಗಾಗಿ. ಮಾವ ಎಂದರೆ ನನ್ನ ತಾಯಿಯ ತಮ್ಮ, ಜಯಮ್ಮತ್ತೆಯ ಗಂಡ, ನಾಗಮಂಗಲ–ಮೈಸೂರು ಬಸ್ಸಿನ ಡ್ರೈವರು. ಜಕ್ಕನಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ಆಮೇಲೆ ಮೈಸೂರು. ಈ ದಾರಿಯ ಒಂದೊಂದು ಹಂಪೂ ಅವನಿಗೆ ನೆಂಟ. ಒಂದು ದಿನ ಎಂದಿನಂತೆ ಬಸ್ಸು ಓಡಿಸಿ ಬಂದು ಮಲಗಿದವನು ಮರುದಿನ ಕಣ್ಣಿನ ತಪಾಸಣೆಗೆ ಹೋದ. ಒಂದು ಕಣ್ಣು ಮಂಜಾಗಿದೆ, ಇನ್ನು ಸ್ಟೀರಿಂಗ್ ಮುಟ್ಟುವಂತಿಲ್ಲ ಅಂದರು. ಉಳಿದ ಸರ್ವೀಸೆಲ್ಲ ಡಿಪೋದ ಕುರ್ಚಿಯಲ್ಲಿ ಕಳೆಯಿತು. ರಿಟೈರಾದ ಮೇಲೂ ಅವನಿಗೆ ಇದ್ದದ್ದು ಒಂದೇ ಕೊರಗು.

"ಕೊನೆ ಟ್ರಿಪ್ಪು ಅಂತ ಗೊತ್ತಿದ್ರೆ ಒಸಿ ನಿಧಾನುಕ್ಕೆ ಓಡುಸ್ತಿದ್ದೆ ಕಣ್ಲಾ. ಗೊತ್ತೇ ಆಗ್ಲಿಲ್ಲ" ಅನ್ನುತ್ತಿದ್ದ.

ಅತ್ತೆಗೂ ಅವನ ಬಸ್ಸಿಗೂ ಇದ್ದ ಸಂಬಂಧ ಬೇರೆಯದೇ. ಅವಳು ಗಂಡನ ಬಸ್ಸನ್ನು ಒಮ್ಮೆಯೂ ಹತ್ತಿದವಳಲ್ಲ. ಅವನು ಹತ್ತಿಸಿಕೊಳ್ಳುತ್ತಿರಲಿಲ್ಲ. ಮನೆಯವರು ಹಿಂದೆ ಕೂತರೆ ಕಣ್ಣೆಲ್ಲ ಕನ್ನಡಿಯಲ್ಲೇ ಇರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ ಎಂಬುದು ಅವನ ಶಾಸ್ತ್ರ. ಪಾಂಡವಪುರದ ತವರಿಗೆ ಹೊರಟ ಅತ್ತೆ ಸ್ಟಾಪಿನಲ್ಲಿ ನಿಂತಿರುತ್ತಿದ್ದಳು. ಗಂಡನ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಊರವರೆಲ್ಲ ಹತ್ತುತ್ತಿದ್ದರು. ಮಾವ ಹಾರನ್ ಒಂದು ಸಲ ಒತ್ತಿ ಹೊರಟುಬಿಡುತ್ತಿದ್ದ. ಇವಳು ಹಿಂದೆ ಬರುವ ಬಸ್ಸಿಗೆ ಕಾಯುತ್ತಿದ್ದಳು. ಇದನ್ನು ಅವಳು ನಗುತ್ತಲೇ ಹೇಳುತ್ತಾಳೆ, ಆದರೆ ಬಹಳ ಸಲ ಹೇಳಿದ್ದಾಳೆ.

ಕೆ.ಆರ್. ಪೇಟೆಯಲ್ಲಿ ಒಂದು ಮದುವೆ. ಬೀಗರ ಕಡೆಯವನೊಬ್ಬ ಮೊಬೈಲಿನಲ್ಲಿ ಬಸ್ಸು ಓಡಿಸುವ ಗೇಮು ಆಡುತ್ತಿದ್ದ. ಮಾವ ಹೋಗಿ ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಕ್ಲಚ್ ಎಲ್ಲಪ್ಪಾ ಇದ್ರಲ್ಲಿ?" ಅಂದ. ಸುತ್ತಲಿನವರು ನಕ್ಕರು. ನಾನು ಸುಮ್ಮನಿರಬಹುದಿತ್ತು. ಆದರೆ ಹೋಳಿಗೆ ಊಟ ಮಾಡಿದವನಿಗೆ ಬಾಯಿ ಸುಮ್ಮನಿರುವುದಿಲ್ಲ. "ಕಂಪ್ಯೂಟ್ರಲ್ಲಾದ್ರೆ ಕ್ಲಚ್ಚು, ಬ್ರೇಕು, ಸ್ಟೀರಿಂಗು ಎಲ್ಲಾ ಸಿಗುತ್ತೆ ಮಾವ. ನಮ್ ಕಡೆ ತರದ ರಸ್ತೇನೂ ಮಾಡಿಟ್ಟವ್ರೆ" ಅಂದುಬಿಟ್ಟೆ.

ಮಾವ ನನ್ನನ್ನು ಹಿಡಿದ ಹಿಡಿತ ಅಲ್ಲಿಂದ ಬಿಡಲಿಲ್ಲ. "ಒಂದೇ ಒಂದು ಟ್ರಿಪ್ಪು ಕಣ್ಲಾ. ನಾಗಮಂಗ್ಲದಿಂದ ಹೊರಟು ಮೈಸೂರು ಮುಟ್ಟುಸ್ಬೇಕು. ಕೊನೇದು ಅಂತ ಗೊತ್ತಿದ್ದು ಓಡುಸ್ಬೇಕು. ಆಮೇಲೆ ಆ ಕಂಪ್ಯೂಟ್ರುನ್ನ ನೀನೇ ತಗಂಡೋಗು."

ಹಣ ಬಂದದ್ದು ಅತ್ತೆಯಿಂದ. ತೆಂಗಿನಕಾಯಿ ಮಾರಿ ಸೋಫಾ ತರಬೇಕೆಂದು ಎತ್ತಿಟ್ಟಿದ್ದ ದುಡ್ಡು. "ಸೋಫಾ ಇಲ್ದಿದ್ರೂ ನಾವು ಕುಂತ್ಕತೀವಿ ಕಣಪ್ಪ. ಈಯಪ್ಪನ್ನ ಕುಂಡ್ರುಸೋದೇ ಕಷ್ಟ ಆಗದೆ. ಇಷ್ಟ್ರಲ್ಲೇ ಆಗ್ಬೇಕು, ಇದ್ರ ಮ್ಯಾಲೆ ಕೇಳ್ಬೇಡ" ಅಂದಳು.

ಮೊತ್ತ ತೀರಾ ಸಣ್ಣದಲ್ಲ, ದೊಡ್ಡದೂ ಅಲ್ಲ. ಇಂಥ ನಡುಮಧ್ಯದ ದುಡ್ಡು ಮನುಷ್ಯನ ನಿದ್ದೆ ಕೆಡಿಸುತ್ತದೆ. ಕಡಿಮೆ ಇದ್ದರೆ ಆಸೆ ಬಿಡಬಹುದು, ಹೆಚ್ಚಿದ್ದರೆ ಯೋಚನೆ ಬಿಡಬಹುದು. ಆಫೀಸಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ಯೂಟ್ಯೂಬ್ ನೋಡತೊಡಗಿದೆ. ಒಬ್ಬ ಬೈದದ್ದನ್ನು ಇನ್ನೊಬ್ಬ ಹೊಗಳುತ್ತಿದ್ದ. ಪ್ರೊಸೆಸರ್ ಏರಿಸಿದರೆ ಗ್ರಾಫಿಕ್ಸ್ ಕಾರ್ಡ್ ಇಳಿಸಬೇಕು, ಕಾರ್ಡ್ ಏರಿಸಿದರೆ ಪವರ್ ಸಪ್ಲೈ ದೊಡ್ಡದು ಬೇಕು. ಮಗಳ ಮದುವೆಗೆ ಗಂಡು ಹುಡುಕುವಾಗಲೂ ನಮ್ಮಪ್ಪ ಇಷ್ಟು ಅಳೆದು ಸುರಿದದ್ದನ್ನು ನಾನು ಕಂಡಿಲ್ಲ. ಸಾಕಾಗಿ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಂಡರೆ ಉಳಿತಾಯವಾಗುತ್ತದೆ ಎಂದು ಮಾವನಿಗೆ ಫೋನಿನಲ್ಲಿ ಹೇಳಿದೆ.

"ಎಷ್ಟು ಕಿಲೋಮೀಟ್ರು ಓಡೈತೆ?"

"ಅದ್ರಲ್ಲಿ ಮೀಟ್ರು ಇರಲ್ಲ ಮಾವ."

"ಮೀಟ್ರೇ ಇಲ್ಲುದ್ದನ್ನ ನಂಬ್ಕಂಡು ತಗತೀಯೇನ್ಲಾ? ಬುಡು, ಹೊಸದೇ ತಕ್ಕೊ. ಸಣ್ಣುದಾದ್ರೂ ಪರ್ವಾಗಿಲ್ಲ."

ಹಾಗಾಗಿ ಹೊಸದೇ ಬಂತು, ಹಿಂದಿನ ವರ್ಷದ ಮಾಡೆಲ್ಲು. ಬಣ್ಣಬಣ್ಣದ ಲೈಟು ಇರುವ ಕ್ಯಾಬಿನೆಟ್ಟಿನ ಫೋಟೊ ಕಳಿಸಿದೆ. "ಟೂರಿಸ್ಟ್ ಬಸ್ಸು ಓಡುಸ್ದೋನಲ್ಲ ನಾನು" ಎಂಬ ಉತ್ತರ ಬಂತು. ಲೈಟು ಬಿಟ್ಟೆವು. ಪೆಡಲಿನ ವಿಷಯದಲ್ಲಿ ಮಾತ್ರ ಅವನು ಒಂದು ಪೈಸೆ ಇಳಿಯಲಿಲ್ಲ. ಅಗ್ಗದ ಸ್ಟೀರಿಂಗ್ ಸೆಟ್ಟಿಗೆ ಕ್ಲಚ್ ಇರಲಿಲ್ಲ; ಕ್ಲಚ್ ಇದ್ದದ್ದಕ್ಕೆ ಕೊಟ್ಟರೆ ಮಾನಿಟರಿಗೆ ದುಡ್ಡು ಉಳಿಯುತ್ತಿರಲಿಲ್ಲ. ಅತ್ತೆಯ ಟೀವಿಗೇ ಕಂಪ್ಯೂಟರ್ ಸಿಕ್ಕಿಸೋಣ, ಪರದೆ ದೊಡ್ಡದು, ಮಾವನ ಕಣ್ಣಿಗೂ ಒಳ್ಳೆಯದು ಎಂದು ನಾನೇ ದಾರಿ ಹುಡುಕಿದೆ. ಆಗ ನನಗೆ ನನ್ನ ಬಗ್ಗೆ ಬಹಳ ಗೌರವ ಹುಟ್ಟಿತು. ಅತ್ತೆ ಒಂದು ಷರತ್ತು ಹಾಕಿದಳು: ಧಾರಾವಾಹಿ ಶುರುವಾಗುವ ಹೊತ್ತಿಗೆ ಬಸ್ಸು ಡಿಪೋ ಸೇರಿರಬೇಕು.

ಮೈಸೂರಿನ ಅಂಗಡಿಯಲ್ಲಿ ಜೋಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿಕೊಂಡು ನಾಗಮಂಗಲಕ್ಕೆ ಒಯ್ದೆ. ಮಾವ ಸ್ಟೀರಿಂಗಿಗೆ ಕುಂಕುಮ ಇಟ್ಟ. ಹಳೇ ಖಾಕಿ ಷರ್ಟು ಹಾಕಿಕೊಂಡ. ಪಾದ ಕ್ಲಚ್ಚಿನ ಮೇಲೆ ಕೂತ ಕೂಡಲೇ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಪರದೆಯ ಮೇಲೆ ತೆಂಗಿನ ಮರಗಳ ನಡುವಿನ ರಸ್ತೆ. ಯಾವ ಊರಿನದೋ ಏನೋ, ಮಾವ ಮಾತ್ರ ಅದಕ್ಕೆ ತನ್ನ ಊರುಗಳ ಹೆಸರನ್ನೇ ಇಟ್ಟುಕೊಂಡು ಹೊರಟ. ಅವತ್ತು ಪಕ್ಕದ ಮನೆಯವರೆಲ್ಲ ನೋಡಲು ಬಂದಿದ್ದರಿಂದ, ನಿಲ್ಲಿಸಿ ನಿಲ್ಲಿಸಿ ಎಲ್ಲರಿಗೂ ತೋರಿಸುವುದರಲ್ಲೇ ಹೊತ್ತು ಹೋಯಿತು. ಮೈಸೂರು ನಾಳೆ ಎಂದಾಯಿತು.

ಮರುದಿನ ಫೋನು. "ಲೇ, ಜಕ್ಕನಹಳ್ಳಿ ದಾಟ್ತಿದ್ದಂಗೆ ಎಲ್ಲಾ ಕಪ್ಪಾಗ್ಬುಡ್ತು ಕಣ್ಲಾ." ಅದರ ಮರುದಿನವೂ ಅದೇ. ಕಂಪ್ಯೂಟರು ತಾನಾಗಿಯೇ ಆಫ್ ಆಗುತ್ತಿತ್ತು. ಬಸ್ಸು ಪಾಂಡವಪುರದ ಮುಖವನ್ನೇ ನೋಡಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತರೆ ಚೆನ್ನಾಗಿ ಓಡುತ್ತಿತ್ತು, ಕೂತಿದ್ದು ಎದ್ದು ಬಂದರೆ ಮತ್ತೆ ಜಕ್ಕನಹಳ್ಳಿ. ಪವರ್ ಸಪ್ಲೈ ಮೇಲೆ ನನಗೆ ಅನುಮಾನ ಬಂತು. ಬಿಚ್ಚಿಕೊಂಡು ಅಂಗಡಿಗೆ ಹೋದೆ. ಅವರು ಅರ್ಧ ದಿನ ಓಡಿಸಿ, ಏನೂ ಆಗಿಲ್ಲ ಸಾರ್ ಎಂದು ಕೈಗೆ ಕೊಟ್ಟರು. ಎರಡು ತಿಂಗಳ ನನ್ನ ವಿದ್ಯೆಯೆಲ್ಲ ಖರ್ಚಾಗಿ ಹೋಯಿತು.

ಕೊನೆಗೆ ಮಾವನೇ ಕೈಚೆಲ್ಲಿದ. "ಬುಡ್ಲಾ. ಅವತ್ತು ಯಾರೋ ಇಳ್ಸುದ್ರು, ಇವತ್ತು ಇದು ಇಳುಸ್ತಾ ಅದೆ. ನಿಮ್ಮತ್ತೆ ದುಡ್ಡು ಒಸಿನಾದ್ರೂ ವಾಪಸ್ ಬರ್ಲಿ, ಮಾರ್ಬುಡು." ಅವನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಮೆತ್ತನೆ ದನಿ ಕೇಳಿ ನನಗೆ ಅಳುವೇ ಬಂತು. ಮದುವೆಮನೆಯಲ್ಲಿ ನಾನು ಬಾಯಿ ಬಿಡದೆ ಇದ್ದಿದ್ದರೆ ಅವನಿಗೆ ಎರಡನೇ ಸಲ ಸೀಟಿನಿಂದ ಏಳುವ ಗತಿ ಬರುತ್ತಿರಲಿಲ್ಲ.

ಮಾರಲು ತೆಗೆದುಕೊಂಡು ಹೋಗೋಣವೆಂದು ಆ ವಾರ ಹೇಳದೆ ಕೇಳದೆ ನಾಗಮಂಗಲಕ್ಕೆ ಹೋದೆ. ಬಾಗಿಲಲ್ಲೇ ನಿಂತೆ. ಮಾವ ಕೊನೆಯ ಪ್ರಯತ್ನವೆಂದು ಖಾಕಿ ಹಾಕಿಕೊಂಡು ಓಡಿಸುತ್ತಿದ್ದಾನೆ. ಪಕ್ಕದ ಸ್ಟೂಲಿನ ಮೇಲೆ ಕಂಪ್ಯೂಟರು ಕಾಣುತ್ತಿಲ್ಲ. ಅದರ ಜಾಗದಲ್ಲಿ ಗುಲಾಬಿ ಹೂವಿನ ಕಸೂತಿ ಹಾಕಿದ, ಹತ್ತಿ ತುಂಬಿಸಿ ಹೊಲಿದ ದಪ್ಪ ಗವಸೊಂದು ಕೂತಿದೆ, ಮುಂದೆ ಬಟನ್ನಿಗಷ್ಟೇ ಒಂದು ಕಿಂಡಿ!

"ಅತ್ತೆ, ಇದೇನಿದು?"

"ಬಂದೋರೆಲ್ಲ ಅದುನ್ನೇ ದಿಟ್ಟಿಸಿ ದಿಟ್ಟಿಸಿ ನೋಡ್ತಾರೆ ಕಣಪ್ಪ, ದೃಷ್ಟಿ ಆಗಾಕಿಲ್ವಾ? ಧೂಳು ಬೇರೆ. ಅದುಕ್ಕೇ ಅದು ಬಂದ ರಾತ್ರೀನೇ ಕುಂತು ನಾನೇ ಹೊಲ್ದೆ."

"ಮತ್ತೆ ನಾನು ಬಂದಾಗ ಯಾವತ್ತೂ ಇರ್ಲಿಲ್ವಲ್ಲ?"

"ನೀನು ಬತ್ತೀನಿ ಅಂದ ದಿನ ಒಗುದು ಒಣಗಾಕ್ತಿದ್ದೆ. ನೆಂಟ್ರು ಬಂದಾಗ ಕೊಳೆ ಗವಸು ಇದ್ರೆ ಚೆನ್ನಾಗಿರ್ತದಾ?"

ಮುಟ್ಟಿ ನೋಡಿದರೆ ಆಗತಾನೇ ಒಲೆಯಿಂದ ಇಳಿಸಿದ ಪಾತ್ರೆ. ಪಾಪ, ಕಂಪ್ಯೂಟರು ಗಾಳಿಯಾಡದೆ ಕಾದು, ಉಸಿರು ಕಟ್ಟಿ ಮೂರ್ಛೆ ಹೋಗುತ್ತಿತ್ತು. ಗವಸು ಎತ್ತಿದೆ. ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡು, "ಅಯ್ಯೋ ನನ್ ಕೈಯಾರ ನಾನೇ ಬಸ್ಸು ನಿಲ್ಲುಸ್ಬುಟ್ನಾ?" ಅಂದಳು. ಮಾವ ಏನೆನ್ನುತ್ತಾನೋ ಎಂದು ನಾನು ಅವನ ಕಡೆ ನೋಡಿದೆ. ಅವನಿಗೆ ನಮ್ಮ ಕಡೆ ನೋಡಲು ಪುರುಸೊತ್ತು ಇರಲಿಲ್ಲ. ಜಕ್ಕನಹಳ್ಳಿ ದಾಟಿತ್ತು.

ಮಾವ ಪಾಂಡವಪುರ ಎಂದು ಕೂಗಿ ನಿಲ್ಲಿಸಿದ. ಅತ್ತೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಸದ್ದಾಗದಂತೆ ತಂದು ಅವನ ಬೆನ್ನ ಹಿಂದೆ ಹಾಕಿಕೊಂಡು ಕೂತಳು. ಅವನಿಗೆ ಬಳೆಯ ಸದ್ದು ಕೇಳಿಸಿರಬೇಕು. ಪರದೆಯ ಮೇಲಿನ ಪುಟ್ಟ ಕನ್ನಡಿಯ ಕಡೆ ಕಣ್ಣು ಹೋಯಿತು. ಅದರಲ್ಲಿ ಗೇಮಿನ ಯಾರೋ ಪ್ರಯಾಣಿಕರಿದ್ದರು, ಅತ್ತೆ ಇರಲಿಲ್ಲ.

"ಅಲ್ಯಾಕೆ ಕುಂತೆ ಅಮ್ಮಿ? ಕನ್ನಡೀಲಿ ಕಾಣಾಕಿಲ್ಲ. ಪಕ್ಕುಕ್ಕೆ ಬಾ" ಅಂದ.

ಅತ್ತೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು. "ಮುಂದೆ ನೋಡ್ಕಂಡು ಓಡ್ಸು" ಅಂದಳು.

ಶ್ರೀರಂಗಪಟ್ಟಣದ ಸೇತುವೆ ಎಂದು ಅವನೇ ಗೊತ್ತು ಮಾಡಿಕೊಂಡ ಸೇತುವೆಯ ಮೇಲೆ ಬಸ್ಸು ಬಹಳ ನಿಧಾನವಾಗಿ ಹೋಯಿತು. ಮೈಸೂರು ಮುಟ್ಟಿದಾಗ ಧಾರಾವಾಹಿಯ ಹೊತ್ತು ಮೀರಿತ್ತು, ಯಾರೂ ಅದರ ಮಾತೆತ್ತಲಿಲ್ಲ. ಮಾವ ಇಂಜಿನ್ ಆಫ್ ಮಾಡಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಒಪ್ಪಂದದ ಪ್ರಕಾರ ಕಂಪ್ಯೂಟರನ್ನು ಕಾರಿಗೆ ಇಡಲೇ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ಳುನ್ನ ವಾಪಸ್ ಯಾರ್ಲಾ ಕರ್ಕಂಡ್ ಬರಾದು?" ಅಂದ.

ಸಂಡಿಗೆ ಕರಿದು ತಿಂದೆ. ಡಬ್ಬ ಖಾಲಿ ಮಾಡಿ ಹಿಂದಿರುಗಿಸುವ ನೆಪಕ್ಕೆ ಇನ್ನೂ ಬಹಳ ದಿನ ಬೇಕು. ಆದರೂ ಕೈ ಒರೆಸಿಕೊಂಡು ನಾಗಮಂಗಲಕ್ಕೆ ಫೋನು ಮಾಡಿದೆ. ಇಷ್ಟು ವರ್ಷ ಆ ಬಸ್ಸಿನ ನಟ್ಟು ಬೋಲ್ಟು ಎಣಿಸಿದೆನೇ ಹೊರತು ನಾನೂ ಅದರಲ್ಲಿ ಒಂದು ದಿನ ಸುಮ್ಮನೆ ಕೂತು ಹೋಗಿರಲಿಲ್ಲ.

"ಭಾನುವಾರ ಬರ್ತೀನತ್ತೆ. ಬಸ್ಸಲ್ಲಿ ನಂಗೊಂದು ಸೀಟು ಇಟ್ಟಿರಿ."

"ಸೀಟಿಲ್ಲ ಕಣಪ್ಪ, ಪಕ್ಕದ್ ಮನೆಯೋರೂ ಬತ್ತಾವ್ರೆ" ಅಂದಳು ಅತ್ತೆ. "ನಿಂತ್ಕಂಡು ಬತ್ತೀನಿ ಅಂದ್ರೆ ಬಾ."