ಹನಿಬಳ್ಳಿಗೆ ಅಕ್ಕ ಹಾಕಿದ ಗಂಟು

ಅಕ್ಕ ತೀರಿಕೊಂಡ ಮೇಲೆ ನಾನು ಬಳ್ಳಿಗೆ ನೀರು ಹಾಕುವುದನ್ನು ತಪ್ಪಿಸಲಿಲ್ಲ. ಆದರೂ ಅದು ಒಣಗತೊಡಗಿತು.

ಬನಶಂಕರಿಯ ನಮ್ಮ ಮನೆಯ ಮುಂದೆ, ಕಾಂಪೌಂಡಿನ ಪಕ್ಕದ ಸ್ವಲ್ಪ ಮಣ್ಣಿನಲ್ಲಿ ಅದನ್ನು ನೆಟ್ಟವಳು ಅವಳೇ. ನರ್ಸರಿಯವರು ಹನಿಸಕಲ್ ಎಂದು ಹೇಳಿ ಕೊಟ್ಟಿದ್ದರು. "ಹನಿ ಅಂದ್ರೆ ಸಾಕು, ಕನ್ನಡದಲ್ಲೂ ಚೆನ್ನಾಗಿದೆ," ಎಂದು ಅಕ್ಕ ಹೆಸರನ್ನು ಅರ್ಧಕ್ಕೇ ನಿಲ್ಲಿಸಿದಳು. ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಹಳದಿಗೆ ತಿರುಗುವ ಹೂವು ಅದು. ಮೊದಲ ಸಲ ಹಳದಿಯಾದಾಗ, "ಅಯ್ಯೋ, ಇದಕ್ಕೆ ಕಾಮಾಲೆ ಆಗಿದೆ ಕಣೇ!" ಎಂದು ಗಾಬರಿಯಾಗಿದ್ದಳು. ಅದನ್ನು ಹೇಳಿ ಹೇಳಿ ಅವಳನ್ನು ರೇಗಿಸುತ್ತಿದ್ದೆ.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಜಯನಗರದ ಆಫೀಸಿಗೆ ಹೋಗಿ ಬರುತ್ತಿದ್ದೆ, ಅವಳು ಮನೆ ನೋಡಿಕೊಳ್ಳುತ್ತಿದ್ದಳು. ಪೂಜೆಗೆ ದಿನವೂ ಹೂ ಕಟ್ಟುತ್ತಿದ್ದಳು. ಬಳ್ಳಿಯನ್ನು ಕಿಟಕಿಯ ಗ್ರಿಲ್ಲಿಗೆ ಹಬ್ಬಿಸುವಾಗಲೂ ಹಳೆಯ ಹತ್ತಿ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕೈಗೆ ಅಭ್ಯಾಸವಾಗಿದ್ದ ಅದೇ ಗಂಟು ಹಾಕಿದಳು. ಮಾಲೆಯಿಂದ ಹೂ ಜಾರಬಾರದೆಂದು ಹಾಕುವ ಗಂಟು. ಎಳೆದಷ್ಟೂ ಬಿಗಿಯಾಗುತ್ತದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಹುಬ್ಬಳ್ಳಿ ಕಡೆಯವಳು. ಒಂದು ಭಾನುವಾರ ನಾನು ನೀರು ಹಾಕುತ್ತಿದ್ದಾಗ ಬಂದು ಬಳ್ಳಿಯ ಹತ್ತಿರ ಬಗ್ಗಿದಳು.

"ಅಕ್ಕಾರ, ಇದಕ್ಕ ನೀರು ಕಮ್ಮಿ ಆಗಿಲ್ರಿ. ಕುತ್ತಿಗಿ ಹಿಸುಕಿದಂಗ ಆಗೇತಿ, ನೋಡ್ರಿಲ್ಲೆ."

ಕಾಂಡ ದಪ್ಪವಾಗಿ, ಬಟ್ಟೆ ಅದರೊಳಗೇ ಹೂತು ಹೋಗಿತ್ತು. ಗಂಟಿನ ಕೆಳಗೆ ಹಸಿರು, ಮೇಲೆ ಒಣಕಲು.

"ಬಿಚ್ಚೋಕಾಗತ್ತಾ?"

"ಎಲ್ಲಿ ಬಿಚ್ಚೂದ್ರಿ, ಕಲ್ಲಾಗೇತಿ. ಕತ್ರಿ ತರ್ರಿ."

"ಬೇಡಮ್ಮ. ಅದು ನಮ್ಮಕ್ಕ ಕಟ್ಟಿದ್ದು."

ಅವಳು ಎದ್ದು ನಿಂತು, "ಗಂಟು ಉಳಸ್ತೀರೋ ಬಳ್ಳಿ ಉಳಸ್ತೀರೋ ನೀವ ಹೇಳ್ರಿ," ಎಂದು ಮೇಲೆ ಹೋದಳು.

ನನಗೆ ಕೋಪ ಬಂತು. ಅಕ್ಕ ಹಾಕಿಟ್ಟ ಉಪ್ಪಿನಕಾಯಿ ಮುಗಿದಿತ್ತು. ಅವಳು ಮಡಿಸಿಟ್ಟ ಸೀರೆಗಳನ್ನು ಬಂದವರಿಗೆ ಹಂಚಿಯಾಗಿತ್ತು. ಅವಳ ಕೈ ಮಾಡಿದ್ದು ಮಾಡಿದ ಹಾಗೇ ಉಳಿದಿದ್ದರೆ ಅದು ಈ ಗಂಟುಗಳಲ್ಲಿ ಮಾತ್ರ. ಇವನ್ನೂ ಕತ್ತರಿಸಬೇಕೇ?

ಆ ವಾರವೆಲ್ಲ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಎಲೆ ಉದುರಿರುತ್ತಿತ್ತು. ಕೊನೆಗೆ ಕತ್ತರಿ ತಂದೆ. ಅಳು ಬಂತು, ಆದರೆ ಕೈ ನಿಲ್ಲಿಸಲಿಲ್ಲ. ಸಿಪ್ಪೆಗೆ ಅಂಟಿದ್ದ ನೂಲನ್ನು ಉಗುರಿನಿಂದ ಬಿಡಿಸಿದೆ. ಒಣಗಿದ ಭಾಗವನ್ನೆಲ್ಲ ಕತ್ತರಿಸಿ ತೆಗೆದಾಗ ಮೊಣಕಾಲೆತ್ತರದ ಮೋಟು ಉಳಿಯಿತು. ಬರಿದಾದ ಗ್ರಿಲ್ ನೋಡಲಾಗದೆ ಕಿಟಕಿಯ ಪರದೆ ಎಳೆದೆ. ಕೈಯಾರೆ ಕೊಂದೆ ಎಂದೇ ಅಂದುಕೊಂಡಿದ್ದೆ.

ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಮೋಟಿನ ಬುಡದಲ್ಲಿ ಕೆಂಪು ಚಿಗುರು ಕಂಡಿತು. ಅದು ಉದ್ದವಾದಂತೆ ನಾನೇ ಗ್ರಿಲ್ಲಿಗೆ ಕಟ್ಟಿದೆ, ಬೆರಳು ತೂರುವಷ್ಟು ಸಡಿಲವಾಗಿ. ಗಾಳಿ ಬಂದರೆ ಜಾರಿ ಬೀಳುತ್ತಿತ್ತು. ಮತ್ತೆ ಕಟ್ಟುತ್ತಿದ್ದೆ. ಅಕ್ಕ ನೋಡಿದ್ದರೆ ನನ್ನ ಕೆಲಸಕ್ಕೆ ನಗುತ್ತಿದ್ದಳು.

ಮೊನ್ನೆ ಸಂಜೆ ಮೇಲಿನಿಂದ ಕೂಗು ಕೇಳಿಸಿತು.

"ಅಕ್ಕಾರ, ನಿಮ್ ಬಳ್ಳಿ ಹೇಳದ ಕೇಳದ ನಮ್ ಬಾಲ್ಕನಿಗೆ ಬಂದೈತ್ರಿ! ಹೂವನೂ ಬಿಟ್ಟೈತಿ!"

"ತೊಂದರೆ ಆದ್ರೆ ಕೆಳಗೆ ಎಳೀತೀನಮ್ಮ."

"ಬ್ಯಾಡ್ರಿ, ಇರ್ಲಿ. ನೀವೂ ಬರ್ರಿ, ಚಾ ಇಡ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಮಹಡಿ ಹತ್ತಿದೆ. ಅಕ್ಕ ಹೋದ ಮೇಲೆ ನಾನು ಇನ್ನೊಬ್ಬರ ಮನೆಗೆ ಹೋದದ್ದು ಅದೇ ಮೊದಲು.