ರೇಡಿಯೊ ಇಲ್ಲದ ಆಫೀಸಿನಲ್ಲಿ ಅಟ್ಟಹಾಸ

“ಅಪ್ಪ ಬೆಳಿಗ್ಗೆ ತೀರಿಹೋದರು,” ಎಂದು ಜೆಪ್ಪುವಿನ ಗ್ರಾಹಕರೊಬ್ಬರು ಫೋನಿನಲ್ಲಿ ಹೇಳುತ್ತಿದ್ದಂತೆಯೇ, ಬೈಕಂಪಾಡಿಯ ನಮ್ಮ ಆಫೀಸಿನ ಲೈನಿನೊಳಗಿಂದ ಚೆಂಡೆಯ ಪೆಟ್ಟಿನೊಂದಿಗೆ ಯಕ್ಷಗಾನದ ರಾಕ್ಷಸನ ಅಟ್ಟಹಾಸ ಕೇಳಿಸಿತು. ನಾನು ಬೆಚ್ಚಿಬಿದ್ದೆ.

“ಎಂತ ನಗುವುದು ನೀವು? ಮನುಷ್ಯರಾ?” ಎಂದವರೇ ಫೋನ್ ಇಟ್ಟುಬಿಟ್ಟರು.

ಟೆಲಿಫೋನ್ ರಿಪೇರಿಯವರನ್ನು ಕರೆಸಿದೆವು. ಹಳೆಯ ಎಕ್ಸ್‌ಟೆನ್ಶನ್ನಿನ ಉದ್ದ ವಯರನ್ನು ನಮ್ಮವರು ಲೈನಿನಿಂದ ಕೀಳದೆ, ಟವೆಲು ಒಣಹಾಕಲು ತಾರಸಿಯಲ್ಲಿ ಅಡ್ಡ ಎಳೆದು ಕಟ್ಟಿದ್ದರು. “ನೀವು ಬೈರಾಸು ಒಣಗಿಸ್ಲಿಕ್ಕೆ ಕಟ್ಟಿದ ಇದೇ ವಯರು ಮಾರಾಯ್ರೇ, ರೇಡಿಯೊ ಹಿಡಿಯುವುದು!” ಎಂದು ಅವರು ಅದನ್ನು ಕತ್ತರಿಸಿದರು. ಚೆಂಡೆ ನಿಂತಿತು.

ಕೂಡಲೇ ಆ ಗ್ರಾಹಕರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆಂದೂ ಎತ್ತಲಿಲ್ಲ. ನಮ್ಮ ಆಫೀಸಿನಲ್ಲಿ ರೇಡಿಯೊವೇ ಇಲ್ಲ. ಆದರೆ ಅಪ್ಪನನ್ನು ಕಳೆದುಕೊಂಡ ಆ ಮನುಷ್ಯನ ಕಿವಿಯಲ್ಲಿ ಇವತ್ತಿಗೂ ನಗುತ್ತಿರುವುದು ನಾನೇ.