ಹೆಡ್‌ಲೈಟಿಗೆ ಜರಿ ಹೊಳೆಯುವುದಿಲ್ಲ

ಈಚೆಗೆ ಒಂದು ಸಂಜೆ ನನ್ನ ಕಾರು ನನ್ನ ಹೆಂಡತಿಗೇ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು.

(ಅನುಮಾನ ಬೇಡ. ಬೆಳಿಗ್ಗೆ ಜಗಳ ಆಗಿರಲಿಲ್ಲ.)

ದುಖಾನ್‌ನ ಸೈಟಿನಲ್ಲಿ ಕೆಲಸ ಮುಗಿಸಿ ಬರುತ್ತಿದ್ದೆ. ಚಳಿಗಾಲದಲ್ಲಿ ಇಲ್ಲಿ, ಗಲ್ಫಿನಲ್ಲಿ, ಐದು ಗಂಟೆಗೆಲ್ಲ ಕತ್ತಲು. ನಾವಿರುವ ಮದೀನತ್ ಖಲೀಫಾ ಬಡಾವಣೆಯಲ್ಲಿ ನಮ್ಮ ಗಲ್ಲಿಗೆ ತಿರುಗಿದೆ. ರಸ್ತೆ ಅಗೆದು ಹಾಕಿದ್ದಾರೆ, ಬೀದಿದೀಪವಿಲ್ಲ. ಎದುರಿಗೆ ಏನೂ ಇರಲಿಲ್ಲ. ಮರುಕ್ಷಣ ಬಾನೆಟ್ಟಿನ ಮುಂದೆಯೇ ಒಂದು ಸೈಕಲ್! ಇದ್ದ ಬಲವನ್ನೆಲ್ಲ ಬ್ರೇಕಿನ ಮೇಲೆ ಹಾಕಿದೆ. ಸೈಕಲ್ಲಿನವರು ಕಾಲೂರಿ ಹಿಂತಿರುಗಿ ನೋಡಿದರು. ಗಿರಿಜಾ.

ಬಾಗಿಲು ತೆರೆದು ಓಡಿದೆ. ಅವಳು ಕೇಳಿದ್ದು ಒಂದೇ ಮಾತು: "ಕಾಣ್ಲಿಲ್ಲೇನ್ರಿ?"

ಕಾಣಲಿಲ್ಲ. ಮದುವೆಯಾದಾಗಿನಿಂದ ದಿನಾ ನೋಡುತ್ತಿರುವ ಹೆಂಡತಿ ಕಾಣಲಿಲ್ಲ. ಕಾಫಿ ಬಣ್ಣದ ಚೂಡಿದಾರ, ಮೇಲೆ ಕಪ್ಪು ಶಾಲು. ಸೈಕಲ್ಲಿನ ಹಿಂದೆ ಇದ್ದ ಒಂದೇ ಒಂದು ಕೆಂಪು ರಿಫ್ಲೆಕ್ಟರಿನ ಮೇಲೆ ಕನ್ನಡ ಪುಸ್ತಕಗಳ ಚೀಲ ಜೋತುಬಿದ್ದಿತ್ತು.

ಆ ಚೀಲದ ಕಥೆ ಇಷ್ಟು. ಮೂರು ಗಲ್ಲಿ ಆಚೆ ಉಡುಪಿ ಕಡೆಯ ಹಿಲ್ಡಾ ಬಾಯಿಯವರ ಮನೆಯಲ್ಲಿ ಗಿರಿಜಾ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಮನೆಯಲ್ಲಿ ತುಳು, ಕೊಂಕಣಿ, ಸ್ಕೂಲಿನಲ್ಲಿ ಇಂಗ್ಲಿಷ್. ಆ ಮಕ್ಕಳಿಗೆ ಕನ್ನಡದ ಅಕ್ಷರ ಸಿಗುವುದು ಅಲ್ಲಿ ಮಾತ್ರ. ಅವಳಿಗೆ ಲೈಸೆನ್ಸ್ ಇಲ್ಲ. ನಾನು ಆ ಹೊತ್ತಿಗೆ ದುಖಾನ್‌ನಲ್ಲಿ. ಟ್ಯಾಕ್ಸಿ ಕರೆದರೆ ಬರುವಷ್ಟರಲ್ಲಿ ಕ್ಲಾಸೇ ಮುಗಿದಿರುತ್ತದೆ. ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಸೈಕಲ್ ತುಳಿದುಕೊಂಡೇ ಹೋದವಳು, ಇಲ್ಲಿಯೂ ಒಂದು ಕೊಂಡಳು.

ಮನೆಗೆ ಬಂದವನೇ ಘೋಷಿಸಿದೆ. "ನಾಳಿಂದ ಸೈಕಲ್ ಖಲಾಸ್."

"ಹಂಗಾರ ಕ್ಲಾಸೂ ಖಲಾಸ್. ಹುಡುಗೂರಿಗೆ ನೀವ ಹೇಳ್ರಿ."

ನಾನು ಹೇಳುವುದೇ? ಮಾತು ತಿರುಗಿಸಿ ಕೇಳಿದೆ, "ಅಲ್ಲ, ಆ ಕರೀ ಶಾಲು ಯಾಕ?"

"ಪರದೇಶ ಅಲ್ರಿ. ಹೆಣ್ಮಗಳು ಸೈಕಲ್ ಮ್ಯಾಲೆ ಹೊಂಟ್ರ ಮಂದಿ ನೋಡ್ತಾರ. ಯಾರ ಕಣ್ಣಿಗೂ ಬೀಳಬಾರ್ದು ಅಂತ."

ಬೇಕೆಂದೇ ಹಾಕಿಕೊಂಡಿದ್ದಳು! ಯೋಚಿಸಿ ನೋಡಿ, ನಾವೆಲ್ಲ ಇಲ್ಲಿ ಬದುಕುವುದೇ ಹೀಗಲ್ಲವೇ? ಮೀಟಿಂಗಿನಲ್ಲಿ ಹಿಂದಿನ ಕುರ್ಚಿ. ಬಾಸ್ ಕೇಳಿದರೆ 'ಮಾಫಿ ಮುಶ್ಕಿಲ್', ಏನೂ ತೊಂದರೆಯಿಲ್ಲ. ಬಂದೆವು, ದುಡಿದೆವು, ಸದ್ದಿಲ್ಲದೆ ಹೊರಟೆವು. ಆಫೀಸಿನಲ್ಲಿ ಅದರಿಂದ ನೌಕರಿ ಉಳಿಯುತ್ತದೋ ಏನೋ. ರೌಂಡ್‌ಅಬೌಟಿನಲ್ಲಿ ನುಗ್ಗಿ ಬರುವ ಲ್ಯಾಂಡ್ ಕ್ರೂಸರ್ ಗಾಡಿಗೆ ನಿಮ್ಮ ಸಂಕೋಚ ಅರ್ಥವಾಗುತ್ತದೆಯೇ?

ಮರುದಿನ ನಾನು ಬರುವಷ್ಟರಲ್ಲಿ ಅವಳೇ ಪರಿಹಾರ ಹುಡುಕಿದ್ದಳು. ಹಳೆಯ ರೇಷ್ಮೆ ಸೀರೆಯ ಜರಿ ಅಂಚು ಬಿಚ್ಚಿ ಶಾಲಿನ ಸುತ್ತ ಹೊಲಿದಿದ್ದಳು. "ಮದುವಿ ಮನ್ಯಾಗ ಬಾಗಿಲದಾಗ ನಿಂತ್ರ ಕಡೀ ಸಾಲಿನವರಿಗೂ ಕಾಣತೈತಿ. ರೋಡಿನ್ಯಾಗ ಕಾಣಂಗಿಲ್ಲೇನು?"

ಇಂಥ ಐಡಿಯಾ ನಮ್ಮ ಹೆಣ್ಣುಮಕ್ಕಳಿಗಲ್ಲದೆ ಇನ್ನಾರಿಗೆ ಹೊಳೆದೀತು? ನೋಡಿಯೇಬಿಡೋಣ ಎಂದು ಗಲ್ಲಿಯ ತುದಿಯ ಖಾಲಿ ಜಾಗಕ್ಕೆ ಹೋದೆವು. ಅವಳನ್ನು ದೂರ ನಿಲ್ಲಿಸಿ ಹೆಡ್‌ಲೈಟ್ ಹಾಕಿದೆ. ಜರಿ ಒಮ್ಮೆ ಮಿಣುಕ್ ಎಂದು ಸುಮ್ಮನಾಯಿತು. ಡಿಕ್ಕಿಯಲ್ಲಿದ್ದ ನನ್ನ ಸೈಟಿನ ಹಳದಿ ಜಾಕೆಟ್ ಹಾಕಿಸಿದೆ. ಅದರ ಬೆಳ್ಳಿಪಟ್ಟಿಗಳು ಝಗ್ಗೆಂದು ಹೊತ್ತಿಕೊಂಡವು.

ಆದರೆ ತನ್ನನ್ನು ತಾನು ನೋಡಿಕೊಳ್ಳಲು ಆಗುತ್ತದೆಯೇ? ಅವಳು ನಂಬಲಿಲ್ಲ. ಸರಿ, ಅವಳನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ನಾನೇ ಹೋಗಿ ನಿಂತೆ. ಮೊದಲು ಜಾಕೆಟ್, ಆಮೇಲೆ ಜರಿಯ ಶಾಲು. (ಅದನ್ನು ಹೊದ್ದು ನಾನು ಗಿರಕಿ ಹೊಡೆಯುವಾಗ ದಾರಿಯಲ್ಲಿ ಹೋಗುತ್ತಿದ್ದ ಮಲಯಾಳಿ ಅಂಗಡಿಯವರು ನಿಂತು ನೋಡಿದರು. ಅವತ್ತಿನಿಂದ ನನ್ನನ್ನು ಮಾತಾಡಿಸುವ ಧಾಟಿಯೇ ಬದಲಾಗಿದೆ.) ಗಿರಿಜಾ ಇಳಿದು ಬಂದು ಜಾಕೆಟ್ಟಿಗೆ ಕೈ ಚಾಚಿದಳು. "ಕೊಡ್ರಿ ಇಲ್ಲೆ."

ಆ ವಾರವೇ ಜಾಕೆಟ್ಟಿನ ಬದಿ ಹಿಡಿದು ತನ್ನ ಅಳತೆಗೆ ಹೊಲಿದುಕೊಂಡಳು. ಚೀಲ ಮುಂದಿನ ಬುಟ್ಟಿಗೆ ಬಂತು. ಹಿಂದೆ ಮಿನುಗುವ ಕೆಂಪು ದೀಪ.

ಸೋಮವಾರ ಸಂಜೆ ಅದೇ ತಿರುವಿಗೆ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಆದರೆ ಗಲ್ಲಿಯ ಆ ತುದಿಯಿಂದಲೇ ಕಂಡಳು. ನನ್ನ ಮುಂದಿದ್ದ ಲ್ಯಾಂಡ್ ಕ್ರೂಸರ್ ವೇಗ ತಗ್ಗಿಸಿ, ದೂರ ಸರಿದು, ಅವಳನ್ನು ದಾಟಿ ಹೋಯಿತು. ಅವಳು ಬೆನ್ನು ನೆಟ್ಟಗಿಟ್ಟು ತುಳಿಯುತ್ತಲೇ ಇದ್ದಳು. ನಾನು ಹಾರ್ನ್ ಮಾಡದೆ ಮನೆಯವರೆಗೂ ನಿಧಾನ ಹಿಂಬಾಲಿಸಿದೆ. ಎಷ್ಟು ಹೆಮ್ಮೆಯಾಯಿತು ಗೊತ್ತೇ? ಇವಳು ನನ್ನ ಹೆಂಡತಿ ಎಂದು ಕಿಟಕಿ ಇಳಿಸಿ ಕೂಗಬೇಕೆನ್ನಿಸಿತು.

ಶುಕ್ರವಾರ ಹಿಲ್ಡಾ ಬಾಯಿಯವರ ಮನೆಯಲ್ಲಿ ಚಹಾಕ್ಕೆ ಸೇರಿದ್ದೆವು. ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಇದ್ದರು. ಹಿಲ್ಡಾ ಬಾಯಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಎಂಥ ಮಾರಾಯ್ತಿ ಅದು? ಲೇಬರಿನವರು ಹಾಕುವ ಜಾಕೆಟ್ ಅಲ್ವಾ? ನೀನು ಟೀಚರ್. ನಾಲ್ಕು ಜನ ನೋಡಿದ್ರೆ ಏನು ಹೇಳಿಯಾರು?"

ಎಲ್ಲರೂ ಗಿರಿಜಾಳತ್ತ ತಿರುಗಿದರು. ಮತ್ತೆ ಕಪ್ಪು ಶಾಲಿಗೇ ಮರಳುತ್ತಾಳೇನೋ ಎಂದು ನನಗೆ ಹೆದರಿಕೆ. ಅವಳು ಚಹಾದ ಕಪ್ ಕೆಳಗಿಟ್ಟಳು.

"ನಾಲ್ಕ ಮಂದಿ ಸಾಕಾಗೂದಿಲ್ಲ ಬಾಯಿ. ರೋಡಿನ ಮ್ಯಾಲೆ ಇದ್ದವರೆಲ್ಲಾ ನೋಡಬೇಕು."